ಜೋಗಿಮಟ್ಟಿ ವನ್ಯಜೀವಿಧಾಮದ ಕಾಡುದಾರಿಯಲ್ಲಿ ಓಟ: ಅನುಮತಿ ಮತ್ತು ಸುರಕ್ಷತೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳು ಮಳೆ ನೆರಳಿನ ಪ್ರದೇಶಕ್ಕೆ ಸೇರಿದ್ದು, ಇಲ್ಲಿನ ಬೆಟ್ಟಸಾಲುಗಳಲ್ಲಿ ಎಲೆ ಉದುರುವ ಒಣ ಕಾಡು ಹಾಗೂ ಕುರುಚಲು ಕಾಡು ಬೆಳೆದಿದೆ. ಚಿತ್ರದುರ್ಗ ನಗರದ ದಕ್ಷಿಣಕ್ಕಿರುವ ಜೋಗಿಮಟ್ಟಿ ಅರಣ್ಯವು ಈ ಬೆಟ್ಟಸಾಲಿನ ಪ್ರಮುಖ ಭಾಗವಾಗಿದೆ. ಸುಮಾರು 100 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಅರಣ್ಯವನ್ನು 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಕರಡಿ, ಚಿರತೆ ಮತ್ತು ನವಿಲುಗಳು ಇಲ್ಲಿ ನೆಲೆಸಿವೆ.

ರಸ್ತೆಯ ಬದಲು ಕಾಡಿನ ಕಾಲುದಾರಿಯಲ್ಲಿ ಓಡುವ ಅಭ್ಯಾಸವು ಈಚಿನ ವರ್ಷಗಳಲ್ಲಿ ಯುವಜನರನ್ನು ಆಕರ್ಷಿಸಿದೆ. ಪರ್ವತ ಮತ್ತು ಕಾಡುದಾರಿ ಓಟದ ವಿಶ್ವ ಚಾಂಪಿಯನ್‌ಷಿಪ್ 2022ರ ನವೆಂಬರ್‌ನಲ್ಲಿ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ನಡೆಯಿತು. ಆರೋಗ್ಯಕ್ಕೂ ಮನಸ್ಸಿನ ಉಲ್ಲಾಸಕ್ಕೂ ಈ ಓಟವು ಒಳ್ಳೆಯದೇ ಆಗಿದೆ. ಆದರೆ ವನ್ಯಜೀವಿಧಾಮವು ಉದ್ಯಾನವಲ್ಲ. ಅಲ್ಲಿ ಅನುಮತಿ ಏಕೆ ಬೇಕು, ಸಮಯದ ಮಿತಿ ಏಕೆ ಇದೆ ಎಂಬುದನ್ನು ಅರ್ಜಿದಾರರು ತಿಳಿದಿರುವುದು ಅವಶ್ಯಕ.

ಕಾನೂನು ಏನು ಹೇಳುತ್ತದೆ?

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 27ನೇ ಪ್ರಕರಣದ ಪ್ರಕಾರ, ಅನುಮತಿ ಪತ್ರವಿಲ್ಲದೆ ವನ್ಯಜೀವಿಧಾಮವನ್ನು ಪ್ರವೇಶಿಸುವಂತಿಲ್ಲ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಅಲ್ಲಿ ವಾಸಿಸಲು ಅನುಮತಿ ಪಡೆದವರು, ಅಲ್ಲಿನ ಸ್ಥಿರ ಸ್ವತ್ತಿನಲ್ಲಿ ಹಕ್ಕುಳ್ಳವರು, ಇಂಥವರ ಅವಲಂಬಿತರು ಹಾಗೂ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಮಾತ್ರ ಇದರಿಂದ ವಿನಾಯಿತಿ ಇದೆ.

28ನೇ ಪ್ರಕರಣವು ಯಾವ ಉದ್ದೇಶಗಳಿಗೆ ಅನುಮತಿ ನೀಡಬಹುದೆಂದು ತಿಳಿಸುತ್ತದೆ. ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ ಹಾಗೂ ಅಲ್ಲಿ ವಾಸಿಸುವವರೊಂದಿಗಿನ ನ್ಯಾಯಬದ್ಧ ವ್ಯವಹಾರ, ಇವು ಅದರಲ್ಲಿ ಸೇರಿವೆ. ಈ ಪಟ್ಟಿಯಲ್ಲಿ ಕ್ರೀಡೆ ಅಥವಾ ಓಟದ ಸ್ಪರ್ಧೆಯ ಹೆಸರಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಆದ್ದರಿಂದ ಓಡಲು ಬಯಸುವವರು ಪ್ರವಾಸಿಗರಾಗಿಯೇ ಅರ್ಜಿ ಸಲ್ಲಿಸಬೇಕಾಗುತ್ತದೆ. ಪ್ರವಾಸಿಗರಿಗೆ ತೆರೆದಿರುವ ದಾರಿ ಮತ್ತು ಸಮಯವೇ ಅವರಿಗೂ ಅನ್ವಯಿಸುತ್ತದೆ. ಒಬ್ಬರಿಗೆ ಪ್ರವೇಶ ದೊರೆತ ಮಾತ್ರಕ್ಕೆ ಅದೇ ದಾರಿಯಲ್ಲಿ ಸ್ಪರ್ಧೆ ಏರ್ಪಡಿಸಲು ಒಪ್ಪಿಗೆ ದೊರೆತಂತೆ ಆಗುವುದಿಲ್ಲ.

ವನ್ಯಜೀವಿಧಾಮದಲ್ಲಿ ಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು, ಬೆಂಕಿ ಹಚ್ಚುವುದು ಹಾಗೂ ಅನುಮತಿಯಿಲ್ಲದೆ ಆಯುಧ ಒಯ್ಯುವುದು ನಿಷಿದ್ಧ. 2022ರ ತಿದ್ದುಪಡಿಯ ನಂತರ, ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ವನ್ಯಜೀವಿಧಾಮದ ಹೊರಗಿನ ರಾಜ್ಯ ಅರಣ್ಯಗಳಿಗೆ ಕರ್ನಾಟಕ ಅರಣ್ಯ ಕಾಯ್ದೆ, 1963 ಅನ್ವಯಿಸುತ್ತದೆ.

ಸಮಯದ ಮಿತಿ ಏಕೆ?

ಬಿಸಿಲು ಹೆಚ್ಚಿರುವ ಈ ಜಿಲ್ಲೆಯಲ್ಲಿ ಓಟಗಾರರು ನಸುಕಿನಲ್ಲಿ ಅಥವಾ ಮುಸ್ಸಂಜೆಯಲ್ಲಿ ಓಡಲು ಇಷ್ಟಪಡುವುದು ಸಹಜ. ಕರಡಿಗಳು ಹೊರಗೆ ಸಂಚರಿಸುವುದೂ ಇದೇ ಹೊತ್ತಿನಲ್ಲಿ. ಹಗಲಿನಲ್ಲಿ ಬಂಡೆಗಳ ಸಂದು, ಗುಹೆ ಹಾಗೂ ಪೊದೆಗಳಲ್ಲಿ ಮಲಗುವ ಕರಡಿಯು ಸಂಜೆಯಿಂದ ಬೆಳಗಿನವರೆಗೆ ಗೆದ್ದಲು, ಇರುವೆ, ಜೇನು ಹಾಗೂ ಬಾರೆ, ಕಕ್ಕೆ, ಆಲ, ಅತ್ತಿ ಮುಂತಾದ ಹಣ್ಣುಗಳನ್ನು ಅರಸಿ ಓಡಾಡುತ್ತದೆ. ಇಂಥದೇ ಬಂಡೆಗುಡ್ಡಗಳ ಕುರುಚಲು ಕಾಡಿನಲ್ಲಿ ಕರಡಿಗಳಿಗಾಗಿಯೇ 1994ರಲ್ಲಿ ಬಳ್ಳಾರಿ ಜಿಲ್ಲೆಯ ದರೋಜಿಯಲ್ಲಿ ಕರಡಿಧಾಮವನ್ನು ಸ್ಥಾಪಿಸಲಾಯಿತು.

ಕರಡಿಯ ಮೂಗು ಬಹಳ ಚುರುಕು. ಕಣ್ಣು ಮಾತ್ರ ಮಂದ. ಹುತ್ತದೊಳಗೆ ಮೂತಿಯಿಟ್ಟು ಗೆದ್ದಲನ್ನು ಹೀರುವಾಗ ಸಮೀಪಿಸುವವರ ಸದ್ದು ಅದಕ್ಕೆ ತಿಳಿಯದೇ ಹೋಗಬಹುದು. ನಡೆದು ಹೋಗುವವರ ಮಾತು, ಹೆಜ್ಜೆಗಳಿಂದ ಎಚ್ಚರಗೊಂಡು ಪ್ರಾಣಿಯು ದೂರ ಸರಿಯಲು ಕಾಲಾವಕಾಶ ಇರುತ್ತದೆ. ಮೌನವಾಗಿ, ವೇಗವಾಗಿ ತಿರುವಿನಲ್ಲಿ ಬರುವ ಓಟಗಾರನು ಆ ಅವಕಾಶವನ್ನು ಕೊಡುವುದಿಲ್ಲ. ಹತ್ತಿರದಲ್ಲಿ ಬೆಚ್ಚಿಬಿದ್ದ ಕರಡಿ, ಅದರಲ್ಲೂ ಮರಿಗಳೊಡನಿರುವ ತಾಯಿ ಕರಡಿ, ಓಡಿಹೋಗುವುದಕ್ಕಿಂತ ಮೇಲೆರಗುವ ಸಂಭವವೇ ಹೆಚ್ಚು. ಗಾಯಗಳು ಸಾಮಾನ್ಯವಾಗಿ ಮುಖ ಮತ್ತು ತಲೆಗೆ ಆಗುವುದರಿಂದ ಬದುಕುಳಿದವರೂ ದೀರ್ಘಕಾಲ ನರಳಬೇಕಾಗುತ್ತದೆ. ಇಂಥ ಘಟನೆಯ ನಂತರ ಕಾಡಂಚಿನ ಗ್ರಾಮಸ್ಥರು ಭಯದಿಂದ ಬದುಕಬೇಕಾಗುತ್ತದೆ. ಕರಡಿಯ ಮೇಲೂ ಆಕ್ರೋಶ ಹುಟ್ಟುತ್ತದೆ. ಆದುದರಿಂದ ಸಮಯದ ಮಿತಿಯು ಓಟಗಾರನನ್ನು ಮಾತ್ರವಲ್ಲದೆ ಗ್ರಾಮಸ್ಥರನ್ನೂ ಪ್ರಾಣಿಯನ್ನೂ ಕಾಪಾಡುತ್ತದೆ.

ಬೆಂಕಿ ಮತ್ತು ಹವಾಮಾನ

ಜನವರಿಯಿಂದ ಮುಂಗಾರಿನ ಮೊದಲ ಮಳೆಯವರೆಗೆ ಗುಡ್ಡಗಳ ಹುಲ್ಲು ಒಣಗಿ ನಿಂತಿರುತ್ತದೆ. ಇಳಿಜಾರಿನಲ್ಲಿ ಬೆಂಕಿಯು ಮೇಲ್ಮುಖವಾಗಿ, ಮನುಷ್ಯನ ಓಟಕ್ಕಿಂತ ವೇಗವಾಗಿ ಹಬ್ಬಬಲ್ಲದು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಚಾರಣಿಗರು ಸಾವಿಗೀಡಾದರು. ಬೆಂಕಿಯ ಅಪಾಯವಿರುವ ದಿನಗಳಲ್ಲಿ ಪ್ರವೇಶ ನಿರಾಕರಿಸಿದಾಗ ಅರ್ಜಿದಾರರು ಇದನ್ನು ನೆನಪಿನಲ್ಲಿಡಬೇಕು.

ಬೆಟ್ಟದ ತುದಿಯಲ್ಲಿ ಗಾಳಿ ಬಿರುಸಾಗಿರುತ್ತದೆ. ಬೆವರಿನಿಂದ ಅಥವಾ ಮಳೆಯಿಂದ ತೊಯ್ದ ಮೈಗೆ ಗಾಳಿ ತಗುಲಿದರೆ ದೇಹದ ಉಷ್ಣಾಂಶ ಬೇಗ ಇಳಿಯುತ್ತದೆ. ಚೀನಾದ ಗಾನ್ಸು ಪ್ರಾಂತ್ಯದಲ್ಲಿ 2021ರ ಮೇ 22ರಂದು ನಡೆದ 100 ಕಿಲೋಮೀಟರ್ ಬೆಟ್ಟದ ಓಟದಲ್ಲಿ ಹವಾಮಾನ ಹಠಾತ್ತನೆ ಕೆಟ್ಟು 21 ಓಟಗಾರರು ಮೃತಪಟ್ಟರು. ಜೋಗಿಮಟ್ಟಿಯಲ್ಲಿ ಅಷ್ಟು ಚಳಿ ಇರುವುದಿಲ್ಲವಾದರೂ, ತೆಳುವಾದ ಗಾಳಿತಡೆ ಅಂಗಿಯೊಂದನ್ನು ಒಯ್ಯುವುದು ಒಳ್ಳೆಯದು.

ಅನುಮತಿ ಪಡೆಯುವ ಬಗೆ

ಅನುಮತಿ ನೀಡುವ ಅಧಿಕಾರವನ್ನು ಕಾಯ್ದೆಯು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ನೀಡಿದೆ. ಪ್ರವೇಶದ ಬಗ್ಗೆ ಚಿತ್ರದುರ್ಗ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸುವುದು ಸೂಕ್ತ.

2024ರ ಜನವರಿಯಲ್ಲಿ ಕುಮಾರ ಪರ್ವತದ ಚಾರಣ ಪಥದಲ್ಲಿ ಸಾವಿರಾರು ಜನರು ಒಮ್ಮೆಗೇ ಸೇರಿದ ಬಳಿಕ, ಆನ್‌ಲೈನ್ ನೋಂದಣಿ ಇಲ್ಲದ ಪಥಗಳಲ್ಲಿ ಚಾರಣವನ್ನು ರಾಜ್ಯದಲ್ಲಿ ನಿರ್ಬಂಧಿಸಲಾಯಿತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣವನ್ನು ಆರಂಭಿಸಲಾಯಿತು. ತಾವು ಹೋಗಬಯಸುವ ಪಥವು ಅದರಲ್ಲಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳತಕ್ಕದ್ದು.

ಅರ್ಜಿಯಲ್ಲಿ ತಂಡದ ಸದಸ್ಯರ ಸಂಖ್ಯೆ, ದಿನಾಂಕ, ಒಳಹೋಗುವ ಮತ್ತು ಹಿಂದಿರುಗುವ ಸಮಯ ಹಾಗೂ ಬಯಸಿದ ದಾರಿಯನ್ನು ಸ್ಪಷ್ಟವಾಗಿ ತಿಳಿಸಿದರೆ ಪರಿಶೀಲನೆ ಸುಲಭವಾಗುತ್ತದೆ. ಹೊರಟಲ್ಲಿಗೇ ಮರಳುವ ಸುತ್ತುದಾರಿಯನ್ನು ಆರಿಸಿಕೊಳ್ಳುವುದು ಮೇಲು. ಒಳಹೋದವರನ್ನೂ ಹೊರಬಂದವರನ್ನೂ ಒಂದೇ ಕಡೆ ಎಣಿಸಬಹುದಾದ್ದರಿಂದ, ಯಾರಾದರೂ ಹಿಂದೆ ಉಳಿದಿದ್ದರೆ ಕೂಡಲೇ ತಿಳಿದುಬರುತ್ತದೆ.

ಪಾಲಿಸಬೇಕಾದ ಸೂಚನೆಗಳು

1. ಒಂಟಿಯಾಗಿ ಓಡಬಾರದು. ಸದಸ್ಯರು ಒಬ್ಬರಿಗೊಬ್ಬರು ಕಾಣುವ ಅಂತರದಲ್ಲಿರಬೇಕು.
2. ಕಿವಿಗೆ ಇಯರ್‌ಫೋನ್ ಹಾಕಬಾರದು.
3. ತಿರುವು, ಪೊದೆ ಮತ್ತು ಬಂಡೆಗಳ ಬಳಿ ವೇಗ ತಗ್ಗಿಸಿ, ಮಾತನಾಡುತ್ತಾ ಸಾಗಬೇಕು.
4. ಹೊಸದಾಗಿ ಕೆದಕಿದ ಹುತ್ತ ಕಂಡಲ್ಲಿ ಹಿಂದಿರುಗುವುದು ಕ್ಷೇಮ.
5. ಕರಡಿ ಅಥವಾ ಚಿರತೆ ಎದುರಾದರೆ ಬೆನ್ನು ತಿರುಗಿಸಿ ಓಡದೆ, ಅದರ ಕಡೆಗೆ ಗಮನವಿಟ್ಟು ನಿಧಾನವಾಗಿ ಹಿಂದೆ ಸರಿಯಬೇಕು.
6. ಸಾಕಷ್ಟು ಕುಡಿಯುವ ನೀರನ್ನು ಒಯ್ಯಬೇಕು. ಖಾಲಿ ಬಾಟಲಿ ಮತ್ತು ಪೊಟ್ಟಣಗಳನ್ನು ಮರಳಿ ತರಬೇಕು.
7. ಬೀಡಿ, ಸಿಗರೇಟು, ಬೆಂಕಿಪೆಟ್ಟಿಗೆ ತರಬಾರದು.
8. ಸಾಕುನಾಯಿಗಳನ್ನು ಕರೆತರಬಾರದು. ನಾಯಿ ಕೆಣಕಿದ ಪ್ರಾಣಿಯು ಅದರ ಯಜಮಾನನ ಮೇಲೂ ಎರಗಬಹುದು.
9. ಬೆಟ್ಟಗಳ ನಡುವೆ ಮೊಬೈಲ್ ಸಂಪರ್ಕ ಸಿಗದಿರಬಹುದು. ಹಿಂದಿರುಗುವ ಸಮಯವನ್ನು ಮನೆಯವರಿಗೆ ತಿಳಿಸಿರಬೇಕು.

ತುರ್ತು ಸಂದರ್ಭದಲ್ಲಿ ಅರಣ್ಯ ಸಹಾಯವಾಣಿ 1926, ಆಂಬುಲೆನ್ಸ್ 108 ಹಾಗೂ ತುರ್ತು ಸೇವೆ 112 ಸಂಖ್ಯೆಗಳಿಗೆ ಕರೆ ಮಾಡಬಹುದು.

ಅನುಮತಿ ದೊರೆಯದ ದಿನಗಳಲ್ಲಿ ವನ್ಯಜೀವಿಧಾಮದ ಹೊರಗಿನ ಸಾರ್ವಜನಿಕ ರಸ್ತೆಗಳಲ್ಲಿ ಅಭ್ಯಾಸ ಮುಂದುವರಿಸಿ, ಕಾಡಿನ ಸಂರಕ್ಷಣೆಯಲ್ಲಿ ಸಹಕರಿಸಬೇಕೆಂದು ಸಾರ್ವಜನಿಕರನ್ನು ಕೋರಲಾಗಿದೆ.