ಗಾಲ್ಫ್ ಆಟದಲ್ಲಿ ನಿಲುವು ಮತ್ತು ತೋಳುಗಳ ಸ್ಥಾನ: ಒಂದು ಐತಿಹಾಸಿಕ ವಿವೇಚನೆ

ದೇಹದ ಭಂಗಿಗೂ ಇತಿಹಾಸವುಂಟೆ ಎಂಬ ಪ್ರಶ್ನೆ ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ನಿಲ್ಲುವುದು, ನಡೆಯುವುದು, ಅಗೆಯುವುದು ಇವೆಲ್ಲ ಸಹಜ ಕ್ರಿಯೆಗಳೆಂದೂ ಎಲ್ಲ ದೇಶಕಾಲಗಳಲ್ಲಿಯೂ ಒಂದೇ ಬಗೆಯವೆಂದೂ ಭಾವಿಸುವುದು ವಾಡಿಕೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ ೧೯೩೪ರಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಈ ಭಾವನೆಯನ್ನು ಪ್ರಶ್ನಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲಿಷ್ ಸೈನಿಕರು ಫ್ರೆಂಚ್ ಸನಿಕೆಗಳಿಂದ ಅಗೆಯಲಾರದೆ ಹೋದುದನ್ನು ಅವರು ಉದಾಹರಣೆಯಾಗಿ ಕೊಟ್ಟರು. ಉಪಕರಣ ಬದಲಾದರೆ ದೇಹವೂ ತನ್ನ ರೀತಿಯನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಗಾಲ್ಫ್ ಆಟ ಈ ಮಾತಿಗೆ ಸ್ಪಷ್ಟವಾದ ನಿದರ್ಶನ.

ಗಾಲ್ಫ್ ಆಟಗಾರನು ಚೆಂಡನ್ನು ಹೊಡೆಯುವ ಮುನ್ನ ಅದರ ಪಕ್ಕದಲ್ಲಿ ನಿಂತು, ಕೋಲಿನ ತಲೆಯನ್ನು ಚೆಂಡಿನ ಹಿಂದೆ ಇರಿಸಿ, ಕ್ಷಣಕಾಲ ಸಿದ್ಧನಾಗುತ್ತಾನೆ. ಆಟದ ಪರಿಭಾಷೆಯಲ್ಲಿ ಇದಕ್ಕೆ 'ಅಡ್ರೆಸ್' ಎಂದು ಹೆಸರು; ಈ ಲೇಖನದಲ್ಲಿ ಇದನ್ನು 'ಪೂರ್ವಸ್ಥಿತಿ' ಎಂದು ಕರೆದಿದ್ದೇವೆ. ಆ ಕ್ಷಣದಲ್ಲಿ ತೋಳುಗಳು ಹೇಗಿರಬೇಕು? ಈ ಪ್ರಶ್ನೆಗೆ ಮೂರು ಶತಮಾನಗಳಲ್ಲಿ ದೊರೆತ ಉತ್ತರಗಳನ್ನು ಪರಿಶೀಲಿಸಿ, ಅವುಗಳಲ್ಲಿ ಕಾಲಾಧೀನವಾದುದು ಯಾವುದು, ಸ್ಥಿರವಾದುದು ಯಾವುದು ಎಂದು ವಿಂಗಡಿಸುವುದು ನಮ್ಮ ಉದ್ದೇಶ. ಈ ಆಟ ನಮ್ಮ ನಾಡಿಗೆ ತೀರ ಹೊಸದಲ್ಲ. ಕಲ್ಕತ್ತೆಯಲ್ಲಿ ೧೮೨೯ರಲ್ಲಿಯೂ ಬೆಂಗಳೂರಿನಲ್ಲಿ ೧೮೭೬ರಲ್ಲಿಯೂ ಗಾಲ್ಫ್ ಕ್ಲಬ್ಬುಗಳು ಸ್ಥಾಪನೆಯಾದುವು. ಮುಂದಿನ ವಿವರಣೆಯೆಲ್ಲ ಬಲಗೈ ಆಟಗಾರನಿಗೆ ಅನ್ವಯಿಸುತ್ತದೆ.

ಈ ವಿಷಯದಲ್ಲಿ ದೊರೆಯುವ ಹಳೆಯ ಲಿಖಿತಾಧಾರಗಳಲ್ಲಿ ಮುಖ್ಯವಾದುದು ಎಡಿನ್‌ಬರೊ ನಗರದ ವೈದ್ಯವಿದ್ಯಾರ್ಥಿ ಥಾಮಸ್ ಕಿನ್‌ಕೇಡನ ೧೬೮೭ರ ದಿನಚರಿ. ಗಾಲ್ಫ್ ಆಡುವವನು ಕತ್ತಿವರಸೆಯವನಂತೆ ನಿಲ್ಲಬೇಕು, ಕಾಲುಗಳನ್ನು ಸ್ವಲ್ಪ ಬಾಗಿಸಬೇಕು, ಕಾಲು, ಬೆನ್ನು ಮತ್ತು ತೋಳುಗಳ ಸ್ನಾಯುಗಳನ್ನು ಬಿಗಿಯಾಗಿ ಹಿಡಿದಿರಬೇಕು ಎಂಬುದು ಅವನ ಅಭಿಪ್ರಾಯ. ತೋಳುಗಳು ಸಡಿಲವಾಗಿರಲಿ ಎನ್ನುವ ಇಂದಿನ ಶಿಕ್ಷಕರಿಗೆ ಈ ಮಾತು ತಪ್ಪೆಂದೇ ತೋರುವುದು ಸಹಜ. ಆದರೆ ತೀರ್ಪು ಕೊಡುವ ಮುನ್ನ ಅವನ ಕಾಲದ ಉಪಕರಣಗಳನ್ನು ನೆನೆಯಬೇಕು. ಹಕ್ಕಿಯ ಗರಿಗಳನ್ನು ತುಂಬಿ ಹೊಲಿದ ತೊಗಲಿನ ಚೆಂಡು. ಉದ್ದವಾದ ಮರದ ಕೋಲು. ಅಂದಿನ ಕೋಲಿನ ದಂಡ ತಲೆಯಿಂದ ನೆಟ್ಟಗೆ ಮೇಲೇಳದೆ ನೆಲದತ್ತ ಬಹಳವಾಗಿ ಓರೆಯಾಗಿರುತ್ತಿತ್ತು. ಅಂಥ ಕೋಲನ್ನು ಹಿಡಿದವನು ಚೆಂಡಿನಿಂದ ದೂರ ನಿಂತು, ತೋಳುಗಳನ್ನು ಮುಂದಕ್ಕೆ ಚಾಚಿ, ಮೈಯ ಸುತ್ತ ಅಡ್ಡಲಾಗಿ ಬೀಸಬೇಕಾಗಿತ್ತು. ದಂಡದ ಓರೆಯೇ ತೋಳುಗಳ ಸ್ಥಾನವನ್ನು ನಿರ್ಣಯಿಸುತ್ತಿತ್ತೆಂಬುದು ಗಮನಾರ್ಹ.

೧೮೪೮ರ ಸುಮಾರಿಗೆ ಗಟ್ಟಾಪರ್ಚಾ ಎಂಬ ಮರದ ಅಂಟಿನಿಂದ ಮಾಡಿದ ಚೆಂಡು ಬಂದಿತು. ಅದು ಅಗ್ಗವಾಗಿತ್ತು, ಕಬ್ಬಿಣದ ತಲೆಯ ಕೋಲಿನ ಪೆಟ್ಟನ್ನು ತಾಳುತ್ತಿತ್ತು. ಕಬ್ಬಿಣದ ಕೋಲುಗಳ ಬಳಕೆ ಹೆಚ್ಚಿದಂತೆ ಆಟಗಾರನು ಚೆಂಡಿನ ಸಮೀಪಕ್ಕೆ ಬಂದನು. ಬೀಸು ಹೆಚ್ಚು ನೇರವಾಯಿತು. ಈ ಪರಿವರ್ತನೆಯ ಶ್ರೇಷ್ಠ ಪ್ರತಿನಿಧಿ, ಬ್ರಿಟಿಷ್ ಓಪನ್ ಪಂದ್ಯವನ್ನು ೧೮೯೬ರಿಂದ ೧೯೧೪ರೊಳಗೆ ಆರು ಬಾರಿ ಗೆದ್ದ ಹ್ಯಾರಿ ವಾರ್ಡನ್. ಬಲಗೈಯ ಕಿರುಬೆರಳನ್ನು ಎಡಗೈಯ ಮೇಲೆ ಹೊಂದಿಸಿ ಹಿಡಿಯುವ ಕ್ರಮಕ್ಕೆ ಇಂದಿಗೂ ಅವರ ಹೆಸರೇ ಇದೆ. ಎರಡು ಕೈಗಳೂ ಒಂದಾಗಿ ಕೆಲಸ ಮಾಡಲು ಈ ಹಿಡಿತ ಅನುಕೂಲವಾಯಿತು. ಆದರೆ ಅವರ ಕೋಲಿನ ದಂಡ ಹಿಕರಿ ಮರದ್ದು; ಬೀಸಿನ ರಭಸಕ್ಕೆ ಅದು ಬಾಗುವುದಲ್ಲದೆ ತಿರುಚಿಕೊಳ್ಳುತ್ತಲೂ ಇತ್ತು. ಆ ತಿರುಚನ್ನು ಅರಿತು ಸಕಾಲದಲ್ಲಿ ಸರಿಪಡಿಸುವ ಕೆಲಸ ಕೈಗಳದು. ಆದುದರಿಂದ ತೋಳುಗಳಿಗೆ ಸ್ವಾತಂತ್ರ್ಯ ಬೇಕಾಗಿತ್ತು. ಬೀಸಿನ ತುದಿಯಲ್ಲಿ ವಾರ್ಡನ್ನರ ಎಡತೋಳು ಕೊಂಚ ಮಡಿಯುತ್ತಿದ್ದುದು ಪ್ರಸಿದ್ಧವಾಗಿದೆ.

ಬ್ರಿಟನ್ನಿನ ಗಾಲ್ಫ್ ನಿಯಮಗಳ ಸಂಸ್ಥೆ ೧೯೨೯ರಲ್ಲಿ ಉಕ್ಕಿನ ದಂಡಕ್ಕೆ ಒಪ್ಪಿಗೆ ಕೊಟ್ಟಿತು. ಉಕ್ಕು ಹಿಕರಿಯಂತೆ ತಿರುಚಿಕೊಳ್ಳುವುದಿಲ್ಲ. ಕೈಗಳ ಸೂಕ್ಷ್ಮ ತಿದ್ದುಪಡಿಗಿಂತ ತೋಳು ಮತ್ತು ಮುಂಡಗಳ ಹೊಂದಾಣಿಕೆ ಮುಖ್ಯವಾಯಿತು. ಈ ಹೊಸ ಕ್ರಮಕ್ಕೆ ಖಚಿತವಾದ ಗ್ರಂಥರೂಪ ಕೊಟ್ಟವರು ಅಮೆರಿಕದ ಬೆನ್ ಹೋಗನ್. ೧೯೫೭ರಲ್ಲಿ ಹೊರಬಂದ ಅವರ 'ಫೈವ್ ಲೆಸನ್ಸ್' ಗ್ರಂಥದಲ್ಲಿ ಪೂರ್ವಸ್ಥಿತಿಗೆ ಒಂದು ಪಾಠವೇ ಮೀಸಲಾಗಿದೆ. ಎರಡು ತೋಳುಗಳೂ ಆದಷ್ಟು ಹತ್ತಿರವಿರಬೇಕು. ಮೊಣಕೈಗಳು ಹೊರಚಾಚದೆ ಸೊಂಟದ ಎರಡು ಮೂಳೆಗಳತ್ತ ಮುಖಮಾಡಬೇಕು. ಮೊಣಕೈಗಳ ಒಳಮಡಿಕೆ ಆಕಾಶದ ಕಡೆಗಿರಬೇಕು. ಎಡತೋಳು ನೇರವಾಗಿದ್ದು ಬಲತೋಳು ಸ್ವಲ್ಪ ಬಾಗಿರಬೇಕು. ಇದು ಅವರ ಬೋಧನೆಯ ಸಾರ.

ಈ ಗ್ರಂಥವನ್ನು ಅನೇಕರು ಸರ್ವಕಾಲಿಕ ಶಾಸ್ತ್ರವೆಂದು ಸ್ವೀಕರಿಸಿದರು. ಇತಿಹಾಸದ ವಿದ್ಯಾರ್ಥಿ ಎಚ್ಚರಗೊಳ್ಳಬೇಕಾದುದು ಇಲ್ಲಿಯೇ. ಚೆಂಡು ಎಡಕ್ಕೆ ತೀವ್ರವಾಗಿ ಬಾಗಿ ಹೋಗುವ 'ಹುಕ್' ಎಂಬ ದೋಷ ಹೋಗನ್‌ರನ್ನು ಬಹುಕಾಲ ಪೀಡಿಸಿತ್ತು. ಅವರ ಕ್ರಮ ರೂಪುಗೊಂಡುದು ಆ ದೋಷದ ವಿರುದ್ಧ ನಡೆಸಿದ ಹೋರಾಟದಲ್ಲಿ. ಚೆಂಡು ಬಲಕ್ಕೆ ಬಾಗುವ ಆಟಗಾರನಿಗೆ ಅವರ ಮಾತುಗಳೆಲ್ಲವೂ ಅದೇ ಫಲವನ್ನು ಕೊಡಬೇಕೆಂದಿಲ್ಲ. ಶಾಸನವನ್ನು ಓದುವಾಗ ಅದನ್ನು ಯಾರು, ಯಾವ ಸಂದರ್ಭದಲ್ಲಿ ಬರೆಸಿದರು ಎಂದು ಕೇಳುತ್ತೇವಲ್ಲವೆ? ಆಟದ ಕೈಪಿಡಿಯನ್ನು ಓದುವಾಗಲೂ ಅದೇ ಪ್ರಶ್ನೆ ಸಲ್ಲುತ್ತದೆ. ಆಟಗಾರನು ತಾನು ಮಾಡುತ್ತೇನೆಂದು ಹೇಳುವುದಕ್ಕೂ ವಾಸ್ತವವಾಗಿ ಮಾಡುವುದಕ್ಕೂ ಅಂತರವಿರಬಹುದು. ೧೯೦೪ರಲ್ಲಿ ಜಾರ್ಜ್ ಬೆಲ್ಡಮ್ ಪ್ರಕಟಿಸಿದ, ಪ್ರಸಿದ್ಧ ಆಟಗಾರರ ಛಾಯಾಚಿತ್ರಗಳ ಗ್ರಂಥಕ್ಕೆ ಆಧಾರಸಾಮಗ್ರಿಯಾಗಿ ಬೆಲೆಯಿರುವುದು ಈ ಕಾರಣದಿಂದ.

ಹಾಗಾದರೆ ಸ್ಥಿರವಾದುದು ಏನೂ ಇಲ್ಲವೆ? ಇದೆ; ಅದು ಭುಜ ಮತ್ತು ತೋಳುಗಳ ರಚನೆಯಿಂದ ಬಂದುದು. ನೆಟ್ಟಗೆ ನಿಂತು, ಬೆನ್ನನ್ನು ಗೂನಾಗಿಸದೆ ಸೊಂಟದ ಕೀಲುಗಳಿಂದ ಮುಂದಕ್ಕೆ ಬಾಗಿ, ಮೊಣಕಾಲುಗಳನ್ನು ಸ್ವಲ್ಪ ಸಡಿಲಿಸಿದರೆ ತೋಳುಗಳು ತಾವಾಗಿಯೇ ಭುಜದಿಂದ ತೂಗುತ್ತವೆ. ಅಂಗೈಗಳು ಸೇರುವ ಆ ಸ್ಥಳದಲ್ಲಿ ಕೋಲನ್ನು ಹಿಡಿಯುವುದು ಇಂದಿನ ಸಾಮಾನ್ಯ ಬೋಧನೆ. ಕೋಲು ಉದ್ದವಾದಷ್ಟೂ ಕೈಗಳು ಕೊಂಚ ಮುಂದಕ್ಕೆ ಸರಿಯುತ್ತವೆ. ಬಲಗೈ ಎಡಗೈಗಿಂತ ಕೆಳಗಿರುವುದರಿಂದ ಬಲಭುಜವೂ ತುಸು ತಗ್ಗುತ್ತದೆ. ತೋಳುಗಳನ್ನು ಅತಿಯಾಗಿ ಚಾಚಿದರೆ ದೇಹಭಾರ ಕಾಲ್ಬೆರಳುಗಳತ್ತ ಜಾರುತ್ತದೆ. ಮೈಗೆ ಒತ್ತಿ ಹಿಡಿದರೆ ಬೀಸಿಗೆ ಎಡೆಯಿರುವುದಿಲ್ಲ. ಸ್ನಾಯುಗಳನ್ನು ಬಿಗಿದರೆ ತೋಳು ಒಳಕ್ಕೆ ಸೆಳೆದುಕೊಳ್ಳುವುದರಿಂದ, ಕೋಲಿನ ತಲೆ ಹೊರಟ ಸ್ಥಳಕ್ಕೆ ಮರಳುವುದು ಕಷ್ಟವಾಗುತ್ತದೆ.

ಈ ನಿಯಮಕ್ಕೂ ಅಪವಾದಗಳುಂಟು. ಬೀಸಿನ ವೇಗದಲ್ಲಿ ಕೋಲು ಹೊರಕ್ಕೆ ಎಳೆಯುವುದರಿಂದ, ಹೊಡೆತದ ಕ್ಷಣದಲ್ಲಿ ಕೈಗಳು ಸಾಮಾನ್ಯವಾಗಿ ಪೂರ್ವಸ್ಥಿತಿಯಲ್ಲಿದ್ದುದಕ್ಕಿಂತ ಸ್ವಲ್ಪ ಮೇಲಿರುತ್ತವೆ. ಮೊದಲೇ ಆ ಎತ್ತರದಲ್ಲಿ ಹಿಡಿದರೆ ಆಗದೆ? ಕೆನಡಾದ ಮೋ ನಾರ್ಮನ್ (೧೯೨೯–೨೦೦೪) ತೋಳುಗಳನ್ನು ಚಾಚಿ, ಅವನ್ನೂ ದಂಡವನ್ನೂ ಒಂದೇ ರೇಖೆಯಲ್ಲಿ ಇರಿಸುತ್ತಿದ್ದರು. ಅವರ ಹೊಡೆತಗಳ ನೇರತನ ಸಹ ಆಟಗಾರರಿಗೆ ಅಚ್ಚರಿಯ ವಿಷಯವಾಗಿತ್ತು. ೨೦೨೦ ಮತ್ತು ೨೦೨೪ರಲ್ಲಿ ಅಮೆರಿಕದ ಓಪನ್ ಪಂದ್ಯವನ್ನು ಗೆದ್ದ ಬ್ರೈಸನ್ ಡಿಶಾಂಬೊ ಕೂಡ ಕೈಗಳನ್ನು ಎತ್ತರಿಸಿ ನಿಲ್ಲುತ್ತಾರೆ. ಅದಕ್ಕೆ ತಕ್ಕಂತೆ ಆ ಗೆಲುವುಗಳ ಕಾಲದಲ್ಲಿ ಅವರ ಕಬ್ಬಿಣದ ಕೋಲುಗಳೆಲ್ಲ ಒಂದೇ ಉದ್ದದವಾಗಿದ್ದುವು. ಇಲ್ಲಿಯೂ ಭಂಗಿ ಮತ್ತು ಉಪಕರಣಗಳು ಜೊತೆಜೊತೆಯಾಗಿಯೇ ಬದಲಾಗಿರುವುದನ್ನು ಕಾಣಬಹುದು.

ಮೇಲಿನ ವಿವೇಚನೆಯಿಂದ, ಸರಿಯಾದ ಪೂರ್ವಸ್ಥಿತಿಯೆಂಬುದು ದೇಹರಚನೆ ಮತ್ತು ಕೈಯಲ್ಲಿರುವ ಕೋಲು ಇವೆರಡರ ನಡುವಣ ಒಪ್ಪಂದವೆಂದು ಹೇಳಬಹುದು. ಮೊದಲನೆಯದು ಮೂರು ಶತಮಾನಗಳಲ್ಲಿ ಬದಲಾಗಿಲ್ಲ. ಎರಡನೆಯದು ಮತ್ತೆ ಮತ್ತೆ ಬದಲಾಗಿದೆ. ಕಿನ್‌ಕೇಡನ ಬಿಗಿದ ತೋಳನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅವನ ಕೋಲನ್ನು ಹಿಡಿದು ನೋಡದೆ ಅವನ ಮಾತನ್ನು ತೂಗಲು ಬಾರದು. ನೇಗಿಲು, ಮಗ್ಗ, ಬಾಚಿಗಳ ಇತಿಹಾಸವನ್ನು ಬರೆಯುವಾಗಲೂ, ಅವನ್ನು ಹಿಡಿದ ತೋಳು ಹೇಗಿತ್ತೆಂದು ನಮ್ಮ ವಿದ್ಯಾರ್ಥಿಗಳು ಕೇಳುವಂತಾದರೆ ಈ ಚಿಕ್ಕ ಪ್ರಯತ್ನ ಸಾರ್ಥಕವಾದಂತೆ.