ದರಿಯಾ ದೌಲತ್‌ನ ಕಂಬಗಳನ್ನು ಕಾಕ ನೋಡಿದ ಬಗೆ

ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ನೋಡುವವರು ಬೆಳಗ್ಗೆ ಬೇಗ ಹೊರಡಬೇಕು. ಹನ್ನೊಂದು ಗಂಟೆ ಕಳೆದರೆ ಕಾಲಡಿಯ ಕಲ್ಲು ಕಾವಲಿಯ ಹಾಗೆ ಕಾಯುತ್ತದೆ. ನಾವು ರಾತ್ರಿ ಬಸ್ಸಿನಲ್ಲಿ ಹೋಗಿ, ಬಿಸಿಲೇರುವ ಮೊದಲೇ ದರಿಯಾ ದೌಲತ್ ಬಾಗ್ ಸೇರಿದ್ದೆವು. ಜೊತೆಗಿದ್ದವರು ನೆರೆಮನೆಯ ಕಾಕ. ಪ್ರಾಯ ಎಪ್ಪತ್ತು ದಾಟಿದೆ, ನಲ್ವತ್ತು ವರ್ಷ ಮರದ ಕೆಲಸ ಮಾಡಿದವರು.

ಟಿಪ್ಪು ಸುಲ್ತಾನ್ ಅಂದರೆ ಈಗ ನಮ್ಮ ಮಕ್ಕಳಿಗೆ ಮೊಬೈಲಿನಲ್ಲಿ ಬರುವ ಜಗಳ ಅಷ್ಟೆ. ಹೊಗಳುವವರೂ ಬೈಯುವವರೂ ಇಲ್ಲಿಗೆ ಬಂದು ಒಂದು ಗಂಟೆ ನಿಂತು ನೋಡಿದ್ದು ಕಡಿಮೆ. ಕಾಕನಿಗೆ ಆ ಜಗಳವೇ ಬೇಡ. ಅವರು ಸೀದಾ ಹೋದದ್ದು ಕಂಬದ ಹತ್ತಿರ. ತೇಗ! ಕೈ ಮುಂದೆ ಹೋಯಿತು, ಕಾವಲಿನವನು “ಮುಟ್ಟಬೇಡಿ ಅಜ್ಜಾ” ಅಂದ. ಕಾಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕಂಬದ ಬುಡದಿಂದ ತುದಿಯವರೆಗೆ ಕಣ್ಣಲ್ಲೇ ಸವರಿದರು.

1784ರಲ್ಲಿ ಕಟ್ಟಿದ ಬೇಸಗೆಯ ಅರಮನೆ ಇದು. ಬಹುಪಾಲು ಮರ. ಬಿಸಿಲು ತಾಗದಂತೆ ಸುತ್ತ ಹಸಿರು ಪರದೆ ಇಳಿಬಿಟ್ಟಿದ್ದಾರೆ, ಹೊರಗಿನಿಂದ ನೋಡಿದರೆ ಒಳಗೆ ಇಷ್ಟು ಬಣ್ಣ ಇದೆ ಅಂತ ಗೊತ್ತಾಗುವುದೇ ಇಲ್ಲ. ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧ. ಸುತ್ತುವರಿದ ಕೆಂಪಂಗಿ ಸೈನ್ಯ, ಸಿಡಿಯುತ್ತಿರುವ ಮದ್ದಿನ ಗಾಡಿ, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ. ಸೆರೆಸಿಕ್ಕ ಆತ ಮುಂದೆ ಇದೇ ಪಟ್ಟಣದಲ್ಲಿ ಸತ್ತ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಈ ಅರಮನೆಯಲ್ಲಿ ವಾಸವಿದ್ದವನು ಆರ್ಥರ್ ವೆಲ್ಲೆಸ್ಲಿ. ಮಾಸಿದ್ದ ಚಿತ್ರಗಳನ್ನು ಮತ್ತೆ ಬರೆಸಿದವನು ಗವರ್ನರ್ ಜನರಲ್ ಡಾಲ್‌ಹೌಸಿ. ತಮ್ಮವರೇ ಸೋತ ಯುದ್ಧದ ಚಿತ್ರವನ್ನು ಇಂಗ್ಲಿಷರು ಬಣ್ಣ ಕೊಟ್ಟು ಉಳಿಸಿದರು ಅಂದಾಗ ಕಾಕ ನಂಬಲಿಲ್ಲ. “ವೈರಿಯ ಮನೆಯನ್ನೂ ಕೆಡವಲಿಲ್ಲವಾ ಉಸ್ತಾದರೇ?” ಅಂತ ಎರಡು ಸಲ ಕೇಳಿದರು.

ಅಲ್ಲಿಂದ ಆಟೋದಲ್ಲಿ ಗುಂಬಜ್. ತಂದೆ ಹೈದರಲಿಗಾಗಿ ಟಿಪ್ಪು ಕಟ್ಟಿಸಿದ ಗೋರಿ, ತಂದೆ-ತಾಯಿಯ ಪಕ್ಕದಲ್ಲೇ ಅವರನ್ನೂ ದಫನ ಮಾಡಿದ್ದಾರೆ. ಸಲಾಂ ಹೇಳಿ, ದುಆ ಮಾಡಿ ಹಿಂತಿರುಗಿದರೆ ಕಾಕ ಬಾಗಿಲಲ್ಲೇ ನಿಂತಿದ್ದಾರೆ. ಕರಿಮರಕ್ಕೆ ದಂತ ಕೂರಿಸಿದ ಬಾಗಿಲು. ಅದೂ ಡಾಲ್‌ಹೌಸಿ ಕೊಟ್ಟದ್ದೇ. ಹತ್ತಿರದಲ್ಲೇ ಬೇಲಿಯ ಸ್ಮಾರಕವೂ ಇದೆ, ಹೆಚ್ಚಿನವರು ಅತ್ತ ತಿರುಗುವುದಿಲ್ಲ.

ಮರದ ನೆರಳಲ್ಲಿ ಕೂತು ಮನೆಯಿಂದ ತಂದ ಪತ್ತಿರಿ ಬಿಚ್ಚಿದಾಗ ಕಾಕ ಕೇಳಿದರು: “ಕಟ್ಟಿಸಿದವರ ಹೆಸರು ಹೇಳಿದಿರಿ, ಗೆದ್ದವರದ್ದು, ಸೋತವರದ್ದೂ ಹೇಳಿದಿರಿ. ಆ ಕಂಬ ಕೆತ್ತಿದವ ಯಾರು?” ನಾವು ಓದಿದ ಯಾವ ಫಲಕದಲ್ಲೂ ಅದು ಇರಲಿಲ್ಲ.

ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯನ್ನು ಟಿಪ್ಪು ನವೀಕರಿಸಿದ್ದು ಸಹ 1784ರಲ್ಲೇ. ಅಲ್ಲಿನ 16 ತೇಗದ ಕಂಬಗಳು ಈಗಲೂ ನಮ್ಮ ಕಣ್ಣೆದುರಿಗಿವೆ. ಆದರೆ ಊರೂರಲ್ಲಿ ಏನಾಗಿದೆ? ಹಳೆಯ ಮಾಡು ಇಳಿಸಿ ಕಾಂಕ್ರೀಟು ಹಾಕಿದ್ದೇವೆ, ಜನ ಹೆಚ್ಚಾದರು, ಬೇರೆ ದಾರಿ ಇರಲಿಲ್ಲ, ಸರಿ. ಇಳಿಸಿದ ಮರ ಎಲ್ಲಿಗೆ ಹೋಯಿತು ಅಂತ ಕೇಳಿದರೆ ಹಳೆ ಸಾಮಾನಿನ ಅಂಗಡಿ ತೋರಿಸುತ್ತಾರೆ.

ನಮ್ಮ ಊರಿನ ಮಸೀದಿಯ ಹಳೆಯ ಮಿಂಬರ್ ಈಗ ಹಿಂದಿನ ಶೆಡ್ಡಿನಲ್ಲಿ ಸಿಮೆಂಟು ಚೀಲಗಳ ಕೆಳಗಿದೆ. ಗೆದ್ದಲು ಹಿಡಿಯುವ ಮೊದಲು ಮಾರುವುದು ಅಂತ ಕಮಿಟಿಯಲ್ಲಿ ಮಾತಾಗಿತ್ತು. ಅದರ ಮೆಟ್ಟಿಲಿನ ಹೂಬಳ್ಳಿ ಕೆತ್ತಿದ್ದು ಕಾಕನ ಉಪ್ಪ. ಬಸ್ಸಿನಲ್ಲಿ ಮಡಿಕೇರಿ ದಾಟುವವರೆಗೆ ಕಾಕ ಮಾತಾಡಲಿಲ್ಲ. ಆಮೇಲೆ, “ಉಳಿ ಹಿಡಿಯುವಷ್ಟು ಕೈ ಇನ್ನೂ ಗಟ್ಟಿ ಇದೆ, ಕೂಲಿ ಬೇಡ, ಮಾರುವುದು ಬೇಡ ಅಂತ ನೀವು ಒಂದು ಮಾತು ಹೇಳಿ” ಅಂದರು. ಬರುವ ಜುಮಾ ಕಳೆದು ಜಮಾಅತಿನ ಸಭೆಯಿದೆ. ಅರ್ಜಿ ಬರೆದಿಟ್ಟಿದ್ದೇವೆ, ಕಾಕ ಸಹಿ ಹಾಕಿದ್ದಾರೆ.