ಡೊಳ್ಳಿಗೊಂದು ಡಾಕರ್

ದೀಪಾವಳಿ ಅಮಾವಾಸ್ಯೆ. ನಂದೇಶ್ವರದಿಂದ ಹುಲಜಂತಿ ಜಾತ್ರೆಗೆ ಹೊರಟ ಟ್ರ್ಯಾಕ್ಟರಿನಲ್ಲಿ ನನ್ನೆದುರು ಕೂತ ಹುಡುಗ ಡೊಳ್ಳಿನ ಹಗ್ಗ ಬಿಗಿಯುತ್ತಿದ್ದ. ಒಂದು ಸಲ ಎಳೆಯುವುದು, ಅಂಗೈಲಿ ತಟ್ಟುವುದು, ಕಿವಿಗೊಡುವುದು, ಮತ್ತೆ ಎಳೆಯುವುದು. ಜೇಬಿನ ಮೊಬೈಲಿನಲ್ಲಿ ಯಾವುದೋ ಪರದೇಶದ ಹಾಡು.

“ಏನ್ ತಮ್ಮಾ ಇದು?”

“ಗೊತ್ತಿಲ್ರೀ ಕಾಕಾ, ರೀಲ್ಸ್‌ದಾಗ ಬಂತು. ನಮ್ಮ ಡೊಳ್ಳಿನಂಗ ಐತಿ ನೋಡ್ರಿ.”

ಹುಡುಗನ ಕಿವಿ ಸುಳ್ಳು ಹೇಳಿರಲಿಲ್ಲ. ಅದು ಸೆನೆಗಲ್ ದೇಶದ ಎಂಬಲಾಖ್ ಸಂಗೀತ. ಅದರ ಜೀವ ಸಬಾರ್ ಎಂಬ ವಾದ್ಯ: ಕೊರೆದ ಮರದ ದಿಮ್ಮಿ, ಆಡಿನ ಚರ್ಮ, ಒಂದು ಕೈಲಿ ಕೋಲು, ಇನ್ನೊಂದು ಬರಿಗೈ. ಡೊಳ್ಳು ಬಾರಿಸುವುದೂ ಹೀಗೆಯೇ. ಡೊಳ್ಳಿಗೆ ಎರಡು ಮುಖ, ಸಬಾರಿಗೆ ಒಂದು, ಅಷ್ಟೇ.

ರಾಜಧಾನಿ ಡಾಕರ್‌ನ ಬ್ಯಾಂಡುಗಳು 1960ರ ದಶಕದಲ್ಲಿ ಕ್ಯೂಬಾದ ಹಾಡು ನುಡಿಸುತ್ತಿದ್ದವು, ಅದೂ ಕೇಳುಗರ ಮನೆಮಾತಲ್ಲದ ಸ್ಪ್ಯಾನಿಷ್‌ನಲ್ಲಿ. ಎಪ್ಪತ್ತರ ದಶಕದಲ್ಲಿ ಗಾಯಕರು ತಮ್ಮ ವೊಲೊಫ್ ಭಾಷೆಗೆ ಹೊರಳಿದರು. ಕೇರಿಯ ಮದುವೆ, ನಾಮಕರಣಗಳಲ್ಲಿ ಬಾರಿಸುತ್ತಿದ್ದ ಸಬಾರ್ ವೇದಿಕೆ ಹತ್ತಿತು. ಹಾಡುಗಾರರ ಮನೆತನದ ತಾಯಿಯ ಮಗ ಯೂಸು ಎನ್‌ಡೂರ್ ಆ ದಶಕದ ಕೊನೆಗೆ ಎತ್ವಾಲ್ ದ ಡಾಕರ್ ತಂಡದೊಂದಿಗೆ ಈ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದ. ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ: ಅಲ್ಲಿ ಗಿಟಾರು, ಕೀಬೋರ್ಡುಗಳೇ ಸಬಾರಿನ ಪೆಟ್ಟು ಕಲಿತವು. ಚರ್ಮವಾದ್ಯ ತನ್ನ ಲಯ ಬಿಟ್ಟುಕೊಡಲಿಲ್ಲ.

ನಮ್ಮಲ್ಲಿ ಆದದ್ದು ತಿರುವುಮುರುವು. ಹಲಗಿಯ ನಾಲ್ಕು ಪೆಟ್ಟು ಕತ್ತರಿಸಿ ಕಂಪ್ಯೂಟರಿಗೆ ತುಂಬಿ ‘ಡಿಜೆ ಮಿಕ್ಸ್’ ಮಾಡುತ್ತಾರೆ. ಹಲಗಿಯನ್ನು ಬೆಂಕಿಗೆ ಕಾಸಿ ಹದ ಮಾಡುವವನು ಮೆರವಣಿಗೆಯ ಅಂಚಿನಲ್ಲಿ ನಿಂತಿರುತ್ತಾನೆ. ನನಗೆ ಡಿಜೆ ಮೇಲೆ ಹಗೆಯಿಲ್ಲ. ಆದರೆ ಅದಕ್ಕೆ ಉಸಿರಿಲ್ಲ, ಕುಣಿಯುವವನ ಕಾಲು ನೋಡಿ ಗತಿ ಬದಲಿಸಲಾರದು.

ಹುಲಜಂತಿಯಲ್ಲಿ ಮಾಳಿಂಗರಾಯನ ಪಾಲಕಿಗೆ ಸುತ್ತಲಿನ ಊರುಗಳ ಪಾಲಕಿಗಳು ಭೇಟಿಯಾಗುತ್ತವೆ. ಗುಡಿಯ ಶಿಖರಕ್ಕೆ ಶಿವ ಪಾರ್ವತಿಯರೇ ಬಂದು ಮುಂಡಾಸ ಸುತ್ತುತ್ತಾರೆಂಬ ನಂಬಿಕೆ. ಭಂಡಾರ ಹಾರಿ ಗಾಳಿಯೇ ಹಳದಿ. ಡೊಳ್ಳಿನ ಚರ್ಮವೂ, ಹುಡುಗನ ರೆಪ್ಪೆಯೂ. ಅಲ್ಲಿ ಭಾಷೆ ಕೇಳುವವರಿಲ್ಲ. ಕನ್ನಡದ ಡೊಳ್ಳಿನ ಹಾಡಿನ ಪಕ್ಕದಲ್ಲೇ ಮರಾಠಿ ಧನಗರಿ ಓವಿ, ಎರಡಕ್ಕೂ ಮಾಳಿಂಗರಾಯನ ಗುರು ಬೀರಪ್ಪನೇ ದೇವರು.

ಮರಳುವಾಗ ಹುಡುಗ ಮೊಬೈಲಿನ ಲಯವನ್ನು ಡೊಳ್ಳಿಗೆ ಇಳಿಸಲು ನೋಡಿದ. ಮೂರು ಸಲವೂ ಒಂದೇ ತಿರುವಿನಲ್ಲಿ ಎಡವಿದ. ತೂಕಡಿಸುತ್ತಿದ್ದ ಅವನ ಅಜ್ಜ ಕಣ್ಣು ತೆರೆಯದೆ ಅಂದರು: “ಅಲ್ಲಿ ಕೋಲ ಬ್ಯಾಡಲೇ, ಅಂಗೈ ಹಾಕು.”

ಹಾಕಿದ. ಕೂತಿತು.